ಮೀನು ಪೇಟೆಯ ಇಂಟರ್‌ವ್ಯೂ ಕ್ಲಾಸು

ಅವರ ಎಡಗೈಯ ಕಿರುಬೆರಳು ಒಳಕ್ಕೆ ಮಡಚಿಕೊಂಡೇ ಇರುತ್ತಿತ್ತು. ಯಾರಾದರೂ ಕೇಳಿದರೆ, "ಇದು ನನ್ ಗಂಡ ಕೊಟ್ಟ ಸರ್ಟಿಫಿಕೇಟು. ಲ್ಯಾಮಿನೇಶನ್ ಒಂದು ಮಾಡ್ಸಲಿಲ್ಲ" ಎಂದು ನಗುತ್ತಿದ್ದರು.

ಮೊದಲು ತೆಂಗಿನಗುಂಡಿ ಬಂದರಿನಿಂದ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಅವರು, ಆಮೇಲೆ ಹೊನ್ನಾವರದ ನಮ್ಮ ಮಹಿಳಾ ಕೇಂದ್ರದಲ್ಲಿ ಟ್ರೇನರ್ ಆದರು. ಹೊಡೆತ ತಿಂದು ಮನೆ ಬಿಟ್ಟು ಬಂದ ಹೆಂಗಸರನ್ನು ಕೆಲಸಕ್ಕೆ ತಯಾರು ಮಾಡುವುದು ಅವರ ಪಾಲು. ರಿಟೈರ್ ಆಗಿ ಸುಮ್ಮನೆ ಕೂತಿದ್ದ ನಾನು ಇಂಗ್ಲಿಷು, ಮ್ಯಾನರ್ಸು ಹೇಳಿಕೊಡಲು ಹೋಗುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದನ್ನೇ ಕಲಿಸಿದೆ: ಬೆನ್ನು ನೆಟ್ಟಗೆ, ದನಿ ಮೆತ್ತಗೆ, ಕೇಳಿದ್ದಕ್ಕೆಲ್ಲ "ಯೆಸ್ ಸರ್".

ಮುಟ್ಟಳ್ಳಿಯ ಒಬ್ಬಳು ನನ್ನ ಬೆಸ್ಟ್ ಸ್ಟೂಡೆಂಟ್. ಕುಮಟೆಯ ಬಟ್ಟೆ ಅಂಗಡಿಯ ಇಂಟರ್‌ವ್ಯೂಗೆ ಹೋದವಳು ಕೆಲಸ ಗಿಟ್ಟಿಸಿಕೊಂಡೇ ಬಂದಳು. ನಾನು ಪೇಡೆ ಹಂಚುತ್ತಿದ್ದರೆ ಅವಳು ಮೂಲೆಯಲ್ಲಿ ಅಳುತ್ತಿದ್ದಳು.

"ಎಂತ ಆತೇ?" ಎಂದರು ಅವರು.

"ಭಾನುವಾರನೂ ಬರ್ಬೇಕು ಅಂದ್ರು. ಯೆಸ್ ಸರ್ ಅಂದ್‌ಬಿಟ್ಟೆ."

ಅವಳ ಮಗಳು ಹಾಸ್ಟೆಲಿನಲ್ಲಿ. ನೋಡಲು ಬಿಡುವುದು ಭಾನುವಾರ ಮಾತ್ರ.

ಅವರು ನನ್ನ ಕಡೆ ತಿರುಗಿದರು. "ಅಕ್ಕೋರೇ, ಮನೇಲಿ ಹತ್ತು ವರ್ಷ ಈ ಯೆಸ್ ಸರ್‌ನೇ ಹೇಳ್ಕಂಡು ಬಂದೋರು ಇವ್ರು. ಅದ್ಕೆ ಮತ್ತೆ ಕ್ಲಾಸು ಎಂತಕ್ಕೆ?"

ಮರುದಿನದ ಕ್ಲಾಸು ಮೀನು ಪೇಟೆಯಲ್ಲಿ. ತಮ್ಮ ಹಳೇ ಗೆಳತಿಯೊಬ್ಬಳ ಬಂಗಡೆ ಬುಟ್ಟಿಯ ಹಿಂದೆ ಮುಟ್ಟಳ್ಳಿಯವಳನ್ನು ಕೂರಿಸಿದರು. "ಗಿರಾಕಿ ಅರ್ಧಕ್ಕೆ ಕೇಳ್ತಾರೆ. ಆಗೂದಿಲ್ಲ ಅನ್ನು. ಬೈಬೇಡ, ಅಳಬೇಡ. ಎದ್ದು ಹೋಗೂ ಹಾಗೆ ಮಾಡ್ತಾರೆ, ಹೋಗ್ಲಿ. ನಾಲ್ಕು ಹೆಜ್ಜೆಗೆ ತಿರುಗ್ತಾರೆ."

ಮೊದಲ ಗಿರಾಕಿಗೆ ಕೇಳಿದ ಅರ್ಧ ರೇಟಿಗೇ ಕೊಟ್ಟುಬಿಟ್ಟಳು. "ಹೀಗಾದ್ರೆ ನಾಳೆ ನಾನೂ ನಿಮ್ಮ ಕ್ಲಾಸಿಗೇ ಸೇರ್ಬೇಕು" ಎಂದು ಗೆಳತಿ ಗೊಣಗಿದಳು. ಹತ್ತು ಗಂಟೆಯ ಹೊತ್ತಿಗೆ ನನ್ನ ಸ್ಟೂಡೆಂಟಿನ "ಆಗೂದಿಲ್ಲ" ಎರಡು ಸಾಲು ಆಚೆಗೂ ಕೇಳುತ್ತಿತ್ತು.

ಮಧ್ಯಾಹ್ನದ ಬಸ್ಸಿಗೆ ಅವಳೊಬ್ಬಳನ್ನೇ ಕುಮಟೆಯ ಆ ಅಂಗಡಿಗೆ ಕಳಿಸಿದರು. ಕೆಲಸವೇ ಹೋದರೆ? ನಾನು ನಾಲ್ಕೈದು ಸಲ ಗೇಟಿಗೆ ಹೋಗಿ ಬಂದೆ. ಅವರು ಅವಲಕ್ಕಿ ಮೆಲ್ಲುತ್ತ, "ಕೂತ್ಕಳಿ ಅಕ್ಕೋರೇ, ಕುಮಟೆಲಿ ಒಂದೇ ಅಂಗಡಿ ಅಲ್ಲ" ಎಂದರು.

ಸಂಜೆ ಬಂದಳು. "ಭಾನುವಾರ ಆಗೂದಿಲ್ಲ ಸರ್ ಅಂದೆ. ಅವ್ರು ಬಿಲ್ ಬುಕ್ ತಿರುವ್ತಾ ಕೂತ್ರು. ನಾನು ಎದ್ದು ಬಾಗ್ಲ ತನಕ ಬಂದೆ. ಆಗ ಕರ್ದು, ಆತು, ಸೋಮವಾರ ಬೇಗ ಬಾ ಅಂದ್ರು."

"ಗಿರಾಕಿ ಹಾಗೆ ನೀನೇ ಎದ್ದು ಹೋದ್ಯನೇ?" ಅವರು ಕೆಮ್ಮು ಬರುವಷ್ಟು ನಕ್ಕರು.

ಹೋದ ಮಳೆಗಾಲ ಅವರು ತೀರಿಕೊಂಡರು. ಈಗ ಕ್ಲಾಸಿನಲ್ಲಿ ಇಂಟರ್‌ವ್ಯೂ ಆಟ ಆಡಿಸುವಾಗ ಮಾಲೀಕನ ಕುರ್ಚಿ ನನ್ನದು. ಕನ್ನಡಕ ಮೂಗಿನ ತುದಿಗಿಳಿಸಿ, ಸ್ಟ್ರಿಕ್ಟ್ ಆಗಿ, ಕೇಳಬಾರದ್ದನ್ನೆಲ್ಲ ಕೇಳುತ್ತೇನೆ. ನನ್ನ ನಲವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಬಾಯಿಗೆ ಬಾರದ ಮಾತನ್ನು ಇಪ್ಪತ್ತೈದರ ಹುಡುಗಿಯರು ನನ್ನ ಮುಖ ನೋಡಿಕೊಂಡೇ ಹೇಳುತ್ತಾರೆ: "ಆಗೂದಿಲ್ಲ ಮೇಡಂ."