ಗಿರಿಜತ್ತಿಯ ಗಿನ್ನಿಗಳು

ಆ ದಿನಗಳಲ್ಲಿ ನಮ್ಮ ಹತ್ತಿಮತ್ತೂರಿನಲ್ಲಿ ಸಾಕುವ ಪ್ರಾಣಿ ಅಂದರೆ ಎತ್ತು, ಎಮ್ಮೆ, ಅಂಗಳದ ನಾಯಿ, ಇಷ್ಟೇ. ಕೆಲಸಕ್ಕೆ ಬಾರದ ಜೀವಕ್ಕೆ ಯಾರೂ ಮೇವು ಹಾಕುತ್ತಿರಲಿಲ್ಲ. ಹಾಗಿರುವಾಗ ಒಂದು ಮಳೆಗಾಲದಲ್ಲಿ, ಟೆಂಪೋ ಹೊಡೆಯುತ್ತಿದ್ದ ನಮ್ಮ ಬಸುಕಾಕಾ ಹುಬ್ಬಳ್ಳಿಯಿಂದ ಒಂದು ರಟ್ಟಿನ ಡಬ್ಬಿ ತಂದು ಪಡಸಾಲೆಯಲ್ಲಿಟ್ಟ. ಒಳಗೆ ಬಾಲವೇ ಇಲ್ಲದ ಎರಡು ಗುಂಡು ಪ್ರಾಣಿಗಳು. ಒಂದು ಪೂರಾ ಬಿಳಿ, ಇನ್ನೊಂದರ ಬೆನ್ನಿಗೆ ಬೆಲ್ಲದ ಬಣ್ಣ.

"ಏನಪಾ ಇವು?" ಅಂದಳು ಆಯಿ, ಅಂದರೆ ನಮ್ಮಪ್ಪನ ಅವ್ವ.

"ಗಿನಿಪಿಗ್ ಅಂತಾರಬೇ."

ನಾನು ಸಾಲಿಯಲ್ಲಿ ಕಲಿತದ್ದನ್ನು ತೋರಿಸಿದೆ. "ಪಿಗ್ ಅಂದ್ರ ಹಂದಿ, ಆಯಿ!"

"ಶಿವನ! ಲಿಂಗಾ ಕಟ್ಟಿದ ಮನಿಯೊಳಗ ಹಂದಿ ತಂದಿಯೇನೋ?"

"ಹಂದಿ ಅಲ್ಲಬೇ, ಹೆಸರಷ್ಟ ಹಂಗ. ಹುಲ್ಲು ತಿಂತಾವ," ಅಂದ ಕಾಕಾ. ಕೊನೆಗೆ ಆ ಹೆಸರನ್ನು ಮನೆಯಲ್ಲಿ ಎತ್ತಬಾರದು ಎಂಬ ಕರಾರಿನ ಮೇಲೆ ಅವು ಉಳಿದವು. ಗಿನ್ನಿ ಎಂದು ಕರೆದೆವು. ಬಿಳಿ ಗಿನ್ನಿ, ಬೆಲ್ಲದ ಗಿನ್ನಿ.

ತಂದದ್ದು ನನಗೆ. ಆದರೆ ಅಂಗಳದಲ್ಲಿ ನಾಯಿ ಇತ್ತಲ್ಲ, ಅದಕ್ಕೆ ಡಬ್ಬಿಯನ್ನು ಹಿಂದಿನ ಖೋಲಿಯಲ್ಲಿ ಇಡಬೇಕಾಯಿತು. ಆ ಖೋಲಿಯಲ್ಲಿ ಗಿರಿಜತ್ತಿ ಇರುತ್ತಿದ್ದಳು.

ಗಿರಿಜತ್ತಿ ಅಪ್ಪನ ಕಿರಿಯ ತಂಗಿ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಟ್ರ್ಯಾಕ್ಟರ್ ಉರುಳಿ ಸತ್ತಿದ್ದ. ತವರಿಗೆ ಕರೆತಂದ ಮೇಲೆ ಅವಳು ಆ ಖೋಲಿ ಬಿಟ್ಟು ಹೊರಗೆ ಬಂದದ್ದು ಕಡಿಮೆ. ಬೀದಿಗಂತೂ ಇಲ್ಲವೇ ಇಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ತಿಂದು ಹೋಗುತ್ತಿದ್ದಳು. ಅವಳ ದನಿ ಹೇಗಿತ್ತೆಂಬುದೇ ನನಗೆ ಮರೆತಂತಾಗಿತ್ತು.

ಮೊದಮೊದಲು ಅವಳು ಗಿನ್ನಿಗಳನ್ನು ಸುಮ್ಮನೆ ನೋಡುತ್ತಿದ್ದಳು. ಆಮೇಲೊಂದು ದಿನ ನಾನು ಬಿಳಿ ಗಿನ್ನಿಯ ಹೊಟ್ಟೆಗೆ ಕೈಹಾಕಿ ಎತ್ತಿದಾಗ ಅದು ಚೀರಿತು. "ಹಂಗ ಹಿಡೀಬ್ಯಾಡ ಸವೂ, ತಳಕ್ಕ ಇನ್ನೊಂದು ಕೈ ಕೊಡು," ಅಂದಳು ಅತ್ತಿ. ನಾನು ಬೆರಗಾಗಿ ಅವಳನ್ನೇ ನೋಡಿದೆ.

ಶ್ರಾವಣದ ಜಡಿಮಳೆ ಹಿಡಿಯಿತು. ತೊಯ್ದ ಹುಲ್ಲು ತಿಂದರೆ ಹೊಟ್ಟೆ ಉಬ್ಬುತ್ತದೆಂದು ಆಯಿ ಹೇಳಿದ್ದರಿಂದ ನಾವು ಒಣಹುಲ್ಲು, ಗೋವಿನಜೋಳದ ನುಚ್ಚು ಮಾತ್ರ ಹಾಕುತ್ತಿದ್ದೆವು. ದಿನ ಕಳೆದಂತೆ ಬೆಲ್ಲದ ಗಿನ್ನಿ ಮೂಲೆ ಹಿಡಿಯಿತು. ಹಿಂಗಾಲು ಎಳೆದುಕೊಂಡು ನಡೆಯತೊಡಗಿತು. ಒಂದು ಮುಂಜಾನೆ ಅದರ ಬಾಯಿಯ ಅಂಚಿನಲ್ಲಿ ರಕ್ತ. ನಾನು ಅಳುತ್ತ ಅವ್ವನ ಹತ್ತಿರ ಓಡಿದೆ. ಅಪ್ಪ ಹೊಲಕ್ಕೆ ಹೋಗಿದ್ದ, ಕಾಕಾ ಊರಲ್ಲಿರಲಿಲ್ಲ.

"ಸಂಜಿಗೆ ಅಪ್ಪ ಬರ್ಲಿ ತಡಿ," ಅಂದಳು ಅವ್ವ.

"ಸಂಜಿತನಕ ಉಳಿಯೂದಿಲ್ಲ ಅದು. ನಾ ಹೋಗ್ತೇನಿ," ಅಂದಳು ಗಿರಿಜತ್ತಿ, ಬಾಗಿಲಲ್ಲಿ ನಿಂತು.

ಒಲೆಯ ಮುಂದಿದ್ದ ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅತ್ತಿಗೆ ಹಾಕಿಕೊಳ್ಳಲು ಚಪ್ಪಲಿಯೂ ಇರಲಿಲ್ಲ, ಅವು ಗಂಡನ ಮನೆಯಲ್ಲೇ ಉಳಿದಿದ್ದವು. ಅವ್ವ ತನ್ನವನ್ನು ತಂದು ಅವಳ ಕಾಲ ಮುಂದಿಟ್ಟಳು.

ಬೆಲ್ಲದ ಗಿನ್ನಿಯನ್ನಿಟ್ಟ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅತ್ತಿ, ಅವಳ ಹಿಂದೆ ನಾನು, ಬಸ್ಸಿನಲ್ಲಿ ಸವಣೂರಿಗೆ ಹೋದೆವು. ದನದ ದವಾಖಾನೆಯ ಡಾಕ್ಟರು ಬುಟ್ಟಿಯೊಳಗೆ ಇಣುಕಿ ಕನ್ನಡಕ ಸರಿಮಾಡಿಕೊಂಡರು.

"ಎತ್ತು, ಎಮ್ಮಿ ಆಗಿದ್ರ ಈಗಿಂದೀಗ ಹೇಳತಿದ್ದೆ ತಂಗಿ. ಇದನ್ನ ನಾನೂ ಕೈಯಾಗ ಹಿಡಿದಿಲ್ಲ. ತಡಿ, ಧಾರವಾಡದಾಗ ನನ್ನ ಗೆಳೆಯ ಒಬ್ಬ ಅದಾನ, ಕೇಳತೇನಿ."

ಫೋನಿನಲ್ಲಿ ಮಾತಾಡಿ ಬಂದು ಹೇಳಿದರು: "ಇವೂ ನಮ್ಮಂಗ ಅಂತ ನೋಡು. ಸಿ ಜೀವಸತ್ವ ಇವುಗಳ ಮೈಯಾಗ ತಯಾರ ಆಗೂದಿಲ್ಲ, ತಿಂದ ಪಡೀಬೇಕು. ಬರೇ ಒಣಾ ಹಾಕಿದ್ರ ಕಾಲಿನ ಸಂದು ಬಾತುಕೋತಾವ, ವಸಡು ಒಡೀತಾವ. ದಿನಾ ಕೊತ್ತಂಬರಿ, ಪ್ಯಾರಲಹಣ್ಣು ಕೊಡು. ಹಾಸಿಗಿ ಒಣಾ ಇರ್ಲಿ."

"ಬದುಕತೈತೇನ್ರಿ?"

"ನೀ ಮನಸ್ಸಿಟ್ಟು ಮಾಡಿದ್ರ ಬದುಕಬೌದು."

ಅತ್ತಿ ಮನಸ್ಸಿಟ್ಟಳು. ಮರುದಿನದಿಂದ ಎಲ್ಲರಿಗಿಂತ ಮುಂಚೆ ಏಳತೊಡಗಿದಳು. ಗೋಣಿಚೀಲ ಬದಲಿಸಿ, ಉಚ್ಚೆಯಲ್ಲಿ ತೊಯ್ದ ಹುಲ್ಲು ತೆಗೆದು, ಒಲೆಯ ಬೂದಿಯಿಂದ ನೆಲ ತಿಕ್ಕಿ ತೊಳೆದು ಒಣಗಿಸುತ್ತಿದ್ದಳು. ಹೊಲದ ಬದುವಿನಿಂದ ಕರಿಕಿ ಹುಲ್ಲು ಕಿತ್ತು ತಂದು ನೀರಾರಿಸಿ ಹಾಕುತ್ತಿದ್ದಳು. ಹಲ್ಲು ಬೆಳೆಯುತ್ತಲೇ ಇರುತ್ತವೆ ಅಂತ ಕಡಿಯಲು ಪ್ಯಾರಲದ ಟೊಂಗೆ. ಮೆತ್ತಗಾದ ಹಣ್ಣನ್ನು ಬೆರಳ ತುದಿಯಲ್ಲಿ ಬೆಲ್ಲದ ಗಿನ್ನಿಯ ತುಟಿಗೆ ಸವರಿ, ಅದು ನೆಕ್ಕುವತನಕ ಕೂತಿರುತ್ತಿದ್ದಳು. ಪ್ಯಾರಲ ಕೇಳಲು ಪಕ್ಕದ ಓಣಿಗೆ ಹೋದವಳು ಅಲ್ಲಿಯ ಹೆಂಗಸರ ಕೂಡ ಮಾತಾಡಿ ತಡವಾಗಿ ಬರುತ್ತಿದ್ದಳು. ಆಯಿ ಬೈಯುತ್ತಿರಲಿಲ್ಲ.

ಖೋಲಿಯ ತುಂಬ ಹಸಿ ಕೊತ್ತಂಬರಿಯ, ಒಣಹುಲ್ಲಿನ ವಾಸನೆ. ನಾನು ಸಾಲಿಯಿಂದ ಬಂದು ಪಾಟಿಚೀಲ ಎಸೆದು ಅಲ್ಲೇ ನೆಲದ ಮೇಲೆ ಬೋರಲು ಮಲಗುತ್ತಿದ್ದೆ, ಪಕ್ಕದಲ್ಲಿ ಅತ್ತಿಯೂ. ಈಳಿಗೆಯ ಸದ್ದು ಕೇಳಿದರೆ ಸಾಕು, ಎರಡೂ ಕತ್ತೆತ್ತಿ ಕ್ವೀ ಕ್ವೀ ಎಂದು ಸೀಟಿ ಹೊಡೆಯುತ್ತಿದ್ದವು. ಅತ್ತಿಯೂ ತಿರುಗಿ ಸೀಟಿ ಹೊಡೆಯಲು ನೋಡುತ್ತಿದ್ದಳು, ಬರೀ ಗಾಳಿ ಬರುತ್ತಿತ್ತು. ಒಮ್ಮೆ ಅವಳಿಗೆ ನಗು ತಡೆಯಲಾಗಲಿಲ್ಲ. ಅಡಿಗೆಮನೆಯಿಂದ ಅವ್ವ ಬಂದು ನೋಡಿ, ಕಣ್ಣೊರೆಸಿಕೊಂಡು ಹೋದಳು.

ದೀಪಾವಳಿಯ ಹೊತ್ತಿಗೆ ಬೆಲ್ಲದ ಗಿನ್ನಿ ನಾಲ್ಕೂ ಕಾಲಿನ ಮೇಲೆ ಓಡಾಡತೊಡಗಿತು.

"ಗಿರಿಜಾ ಈಗ ನಗಾಕತ್ತಾಳ," ಅಂದ ಅಪ್ಪ, ಕಟ್ಟೆಯ ಮೇಲೆ ಆಯಿಯ ಹತ್ತಿರ. "ಈಗ ಮಾತು ತಗದ್ರ ಒಲ್ಲೆ ಅನ್ನೂದಿಲ್ಲ."

ಹಿರೇಕೆರೂರಿನ ಗಂಡು. ಹೆಂಡತಿ ತೀರಿಕೊಂಡಿದ್ದಳು, ಎರಡು ಸಣ್ಣ ಗಂಡುಮಕ್ಕಳು. ಒಳ್ಳೆಯ ಮಂದಿ ಎಂದೇ ಎಲ್ಲರೂ ಅಂದರು. ಬೀಗರು ಬಂದಾಗ ತಲೆಯ ಮೇಲೆ ಮಣ್ಣು ಉದುರಬಾರದೆಂದು ಅಪ್ಪ ಹಿಂದಿನ ಖೋಲಿಯ ಹಳೆಯ ಮಣ್ಣಿನ ಮಾಳಿಗೆ ತೆಗೆಸಿ ತಗಡು ಹಾಕಿಸಿದ. ಮಾಘದಲ್ಲಿ ಗುಡಿಯಲ್ಲಿ ನಾಲ್ಕು ಮಂದಿಯ ನಡುವೆ ಮದುವೆಯಾಯಿತು. ಗಿನ್ನಿಗಳನ್ನು ಒಯ್ಯುವ ಮಾತೇ ಬರಲಿಲ್ಲ. ಹೊರಡುವ ಮುಂಚೆ ಅತ್ತಿ ಹಸಿರು ಬಳೆ ತುಂಬಿದ ಕೈಯಲ್ಲೇ ಅವುಗಳ ಉಗುರು ಕತ್ತರಿಸಿದಳು. "ಬ್ಯಾಸಗಿಗೆ ಹಸಿ ಗೋಣಿಚೀಲ ಇಳಿಬಿಡು ಸವೂ. ಒಂದನ್ನ ಬಿಟ್ಟು ಒಂದು ಇರಂಗಿಲ್ಲ ಅವು," ಅಂದಳು.

ಬೇಸಿಗೆ ಬಂತು. ಮಣ್ಣಿನ ಮಾಳಿಗೆಯ ಕೆಳಗೆ ತಂಪಾಗಿರುತ್ತಿದ್ದ ಖೋಲಿ ತಗಡಿನ ಕೆಳಗೆ ಕಾದ ಹಂಚಿನಂತಾಯಿತು. ಗಿನ್ನಿಗಳನ್ನು ದೇವರ ಖೋಲಿಯ ಬಾಗಿಲಿಗೆ ತಂದೆವು, ಗೋಣಿಚೀಲಕ್ಕೆ ನೀರು ಚಿಮುಕಿಸಿದೆವು, ಒಡೆದ ಗಡಿಗೆಯ ಹೋಳು ತಣ್ಣಗೆ ಮಾಡಿ ಇಟ್ಟೆವು. ಆದರೂ ಒಂದು ಮಧ್ಯಾಹ್ನ ಬಿಳಿ ಗಿನ್ನಿ ಕಾಲು ಚಾಚಿ ಮಲಗಿದ್ದು ಮತ್ತೆ ಏಳಲಿಲ್ಲ. ಅಪ್ಪ ಹಿತ್ತಲಲ್ಲಿ ಹುಗಿದ.

ಬೆಲ್ಲದ ಗಿನ್ನಿ ತಿನ್ನುವುದನ್ನು ಬಿಟ್ಟಿತು. ಬಸುಕಾಕಾ ನನ್ನ ಮಾರಿ ನೋಡಲಾರದೆ, "ನಡಿ, ಗಿರಿಜಾನ ಕಡೆ ಒಯ್ಯೋಣ," ಅಂದ.

ಹಿರೇಕೆರೂರಿನ ಆ ಮನೆಯಲ್ಲಿ ಅತ್ತಿ ತಲೆತುಂಬ ಸೆರಗು ಹೊದ್ದು ಬಾಗಿಲಿಗೆ ಬಂದಳು. ಬುಟ್ಟಿ ನೋಡಿದ್ದೇ ಅವಳಿಗೆ ಎಲ್ಲ ತಿಳಿಯಿತು. "ಬಿಳಿದು?" ಅಂದಳು. ಹಿತ್ತಲ ಮೆಟ್ಟಿಲ ಮೇಲೆ ಕೂತು ಗಿನ್ನಿಯನ್ನು ಮಡಿಲಿಗೆ ಹಾಕಿಕೊಂಡಳು. ಕೊತ್ತಂಬರಿ ಅರೆದು ಬೆರಳಿನಿಂದ ಸವರಿದಳು. ಅದು ಮೂಗು ಅಲುಗಿಸಿತು. ಒಂದಿಷ್ಟು ನೆಕ್ಕಿತು.

"ಇಲ್ಲೇ ಇಟ್ಕೊ ಅತ್ತಿ. ನಿನ್ನ ಕೈಯಾಗ ಬದುಕತೈತಿ."

ಅತ್ತಿ ಒಳಗೆ ನೋಡಿದಳು, ಆಮೇಲೆ ನನ್ನನ್ನು. "ಇಟ್ಕೋತೇನಿ ಅಂತ ಬಾಯಿಬಿಟ್ಟು ಕೇಳಾಕ ಇದು ಇನ್ನೂ ನನ್ನ ಮನಿ ಆಗಿಲ್ಲವಾ ನನ್ನವ್ವ," ಅಂದಳು, ಬಹಳ ಸಣ್ಣ ದನಿಯಲ್ಲಿ.

ಒಳಗಿನಿಂದ ಅವಳ ಅತ್ತೆ ಕೂಗಿದರು. ಕಿರಿಯ ಹುಡುಗ ಹಸಿದು ಅಳುತ್ತಿದ್ದ. ಅತ್ತಿ ಗಿನ್ನಿಯನ್ನು ಎರಡೂ ಕೈಯಿಂದ ಎತ್ತಿ ನನ್ನ ಮಡಿಲಲ್ಲಿಟ್ಟು, ಸೆರಗು ಸರಿಮಾಡಿಕೊಂಡು ಹೋದಳು.

ಹಾವೇರಿಯಲ್ಲಿ ಬಸ್ಸು ಬದಲಿಸುವಾಗ ಅದು ಇನ್ನೂ ಉಸಿರಾಡುತ್ತಿತ್ತು. ಊರು ಮುಟ್ಟುವ ಮುಂಚೆ ನಿಂತಿತು. ಫೋನಿನಲ್ಲಿ ಹೇಳಿದಾಗ ಅತ್ತಿ, "ಆತು ಬಿಡು. ನೀ ಉಂಡಿಯಿಲ್ಲೋ?" ಅಂದಳು. ಅಷ್ಟೇ.

ಅತ್ತಿ ಸುಖವಾಗಿಯೇ ಇದ್ದಾಳೆ. ಆ ಹುಡುಗರು ಅವಳನ್ನು ಅವ್ವ ಅಂತಲೇ ಕರೆದು ದೊಡ್ಡವರಾದರು. ಈಗ ಮೊಮ್ಮಗಳೂ ಇದ್ದಾಳೆ. ಹೋದ ವರ್ಷ ನಾನು ನನ್ನ ಮಗನನ್ನು ಕರೆದುಕೊಂಡು ಹಿರೇಕೆರೂರಿಗೆ ಹೋಗಿದ್ದೆ. ಅವನಿಗೂ ಗಿನಿಪಿಗ್ ಬೇಕಂತೆ, ಈಗ ಅಂಗಡಿಯಲ್ಲಿ ಪಂಜರದ ಜೊತೆಗೇ ಸಿಗುತ್ತವೆ. "ಅಜ್ಜೀನ ಕೇಳು, ಅಕೀಗೆ ಎಲ್ಲಾ ಗೊತ್ತೈತಿ," ಅಂದೆ.

ಅವನು ಕೇಳಿದ. ಅತ್ತಿ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ನನಗೇನು ಗೊತ್ತಪಾ ಅವೆಲ್ಲ," ಅಂದಳು. "ಡಾಕ್ಟರನ್ನ ಕೇಳು."

ಆಮೇಲೆ ನನಗೆ ಕುರ್ಚಿ ಎಳೆದು ಹಾಕಿ, ಮನೆಗೆ ಬಂದ ಯಾರನ್ನಾದರೂ ಕೇಳುವಂತೆ, ಚಹಕ್ಕೆ ಸಕ್ಕರೆ ಎಷ್ಟು ಅಂತ ಕೇಳಿದಳು.