ನಾಲ್ಕೂ ಬರೋಬ್ಬರಿ

ನಮ್ಮಣ್ಣ ಮದುವೆಯಾಗಲಿಲ್ಲ, ಕಾರು ತಂದ. ಕುಷ್ಟಗಿ ಸೀಮೆಯಲ್ಲಿ ಬೋರ್‌ವೆಲ್ ಲಾರಿ ಇಟ್ಟುಕೊಂಡು ಅರ್ಧ ಆಯುಷ್ಯ ಕಲ್ಲಿನ ಧೂಳು ಕುಡಿದವನು, ಇದ್ದಕ್ಕಿದ್ದಂತೆ ಹೈದರಾಬಾದಿಗೆ ಹೋಗಿ ಯಾರೋ ಬಳಸಿ ಬಿಟ್ಟ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಓಡಿಸಿಕೊಂಡು ಬಂದ. ಎರಡೇ ಸೀಟು. “ಇದರಾಗ ಹೆಂಡ್ತಿ ಮಕ್ಕಳು ಎಲ್ಲಿ ಕುಂದ್ರತಾರೋ?” ಎಂದು ಓಣಿಯವರು ಕೇಳಿದರು. “ಅದಕ್ಕ ತಂದೀನಿ” ಎಂದ.

ಆಮೇಲೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಕೈಹಾಕಿತು. ಲಾರಿ ಮಾರಿ, ಗಂಗಾವತಿಯ ನನ್ನ ಮನೆಗೆ ಬಂದು ಉಳಿದ. ನಾನು ಇಲ್ಲಿ ಔಷಧಿ ಅಂಗಡಿ ನಡೆಸುವವಳು. ಗುಳಿಗೆ ಮನೆಯಲ್ಲೇ ಸಿಗುತ್ತದೆ ಎಂಬುದೊಂದು ಅನುಕೂಲ. ಈಗ ಅವನಿಗೆ ಬೆಳಕು, ನೆರಳು, ಎದುರಿಗಿದ್ದವರ ಗಾತ್ರ ಇಷ್ಟೇ ಕಾಣುವುದು. ನನ್ನ ಗಾತ್ರ ಮಾತ್ರ ಚೆನ್ನಾಗಿ ಕಾಣುತ್ತದೆ, ಅದನ್ನು ದಿನಾ ಹೇಳುತ್ತಾನೆ.

ಕಾರನ್ನು ಮಾತ್ರ ಮಾರಲಿಲ್ಲ. ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಅದರೊಳಗೆ ಇಳಿದರೆ ನೆಲದ ಮೇಲೆ ಕೂತು ಹಪ್ಪಳ ಒತ್ತಲು ಶುರು ಮಾಡಿದ ಹಾಗೇ ಇರುತ್ತದೆ. ಏಳುವಾಗ ಮಂಡಿ ಬೈಯುತ್ತದೆ. ಆದರೂ ಪ್ರತಿ ಭಾನುವಾರ ಸಂಜೆ ಆನೆಗೊಂದಿಯ ಕಡೆ ಒಂದು ಸುತ್ತು ಹೋಗಲೇಬೇಕು. ಅಣ್ಣ ಕಿಟಕಿ ಇಳಿಸಿ ಕೂತು, ಗಾಳಿ ತಣ್ಣಗಾದರೆ “ಬಾಳಿ ತ್ವಾಟ ಬಂತು” ಎನ್ನುತ್ತಾನೆ. ಗಾಳಿ ಬಿಸಿಯಾದರೆ “ಬಂಡೆಗಲ್ಲು ಬಂದ್ವು” ಎನ್ನುತ್ತಾನೆ. ವಾರವಿಡೀ ಮೂತಿ ಉಬ್ಬಿಸಿಕೊಂಡಿರುವ ಮನುಷ್ಯ ಅದೊಂದು ತಾಸು ನಗುತ್ತಾನೆ. ಅಂಗಡಿಯಲ್ಲಿ ನಾನು ಮಾರುವ ಯಾವ ಗುಳಿಗೆಯೂ ಅವನಿಗೆ ಅಷ್ಟು ಗುಣ ಕೊಟ್ಟಿಲ್ಲ.

ಹೋದ ಬೇಸಿಗೆಯಲ್ಲಿ ಟೈರು ಸವೆದವು. ನಮ್ಮ ಅಂಗಡಿಯ ಹಿಂದಿನ ರಸ್ತೆಯಲ್ಲಿ ಟೈರಿನ ಅಂಗಡಿ ಇಟ್ಟಿರುವ ಭಾಯ್‌ಗೆ ಕಾರು ಒಪ್ಪಿಸಿ ಬಂದು, ನನ್ನ ಗಿರಾಕಿಗಳ ಗದ್ದಲದಲ್ಲೇ ಫೋನಿನಲ್ಲಿ ಹೇಳಿದೆ: “ಭಾಯ್‌ಸಾಬ್, ನಾಕೂ ಗಾಲಿ ಬರೋಬ್ಬರಿ ಮಾಡಿ ಕೊಡ್ರಿ.”

ನಮ್ಮ ಕಡೆ ಹುಟ್ಟಿದವರಿಗೆ ಇದರಲ್ಲಿ ಯಾವ ಗೊಂದಲವೂ ಇರಬಾರದು. ಬರೋಬ್ಬರಿ ಎಂದರೆ ಸರಿಯಾಗಿ, ನೆಟ್ಟಗೆ, ಹೇಗಿರಬೇಕೋ ಹಾಗೆ. ಬರೋಬ್ಬರಿ ಎಂದರೆ ಸರಿಸಮ, ಒಂದೇ ಅಳತೆ ಎಂದೂ ಹೌದು. ಭಾಯ್ ಎರಡನೆಯದನ್ನು ಹಿಡಿದುಕೊಂಡರು. ಹುಬ್ಬಳ್ಳಿಯಿಂದ ತರಿಸಿ ನಾಲ್ಕಕ್ಕೂ ಒಂದೇ ಅಗಲದ ಟೈರು ಹಾಕಿ, ಗಾಳಿ ತುಂಬಿ, ಒರೆಸಿ ಕಳಿಸಿದರು. ಕಾರು ಮಿರಮಿರ ಮಿಂಚುತ್ತಿತ್ತು. ನಾನಾದರೋ ಟೈರಿನ ಬಣ್ಣ ಕಪ್ಪಗಿದೆಯೋ ಇಲ್ಲವೋ ಅಷ್ಟು ನೋಡುವವಳು. ಖುಷಿಪಟ್ಟೆ.

ಮುಂದಿನ ಭಾನುವಾರ ಆನೆಗೊಂದಿ ರಸ್ತೆಯ ತಿರುವಿನಲ್ಲಿ ಬಾಳೆಗೊನೆ ಹೇರಿದ ಆಟೋ ಒಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಕಾರಿನ ಮೂತಿ ನಿಂತಿತು, ಹಿಂಭಾಗ ನಿಲ್ಲಲಿಲ್ಲ. ಅದು ಬಲಕ್ಕೆ ಎಳೆದುಕೊಂಡು ನಮ್ಮನ್ನು ದಾಟಿ ಮುಂದೆ ಹೋಗಲು ನೋಡಿತು. ರಸ್ತೆ, ಬಂಡೆ, ಬಾಳೆ ಎಲ್ಲ ಅರ್ಧ ಸುತ್ತು ತಿರುಗಿ, ಕೊನೆಗೆ ಕಾರು ಗಂಗಾವತಿಗೆ ಮುಖ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆಟೋದವನು ಇಳಿದು ಬಂದು, ಗಟ್ಟಿಗಿತ್ತಿ ಅದೀರಿ ಎಂಬಂತೆ ನೋಡಿ ಹೋದ.

ಕಣ್ಣು ಕಾಣುವವಳು ನಾನೇ ಅಷ್ಟು ಹೆದರಿದ್ದೆ. ಏನಾಗುತ್ತಿದೆ ಎಂದೇ ಕಾಣದೆ ಸುತ್ತು ತಿರುಗಿದವನ ಗತಿ ಏನು? ಅಣ್ಣ ಬಾಗಿಲಿನ ಹಿಡಿಕೆ ಬಿಡಲೇ ಇಲ್ಲ. ಮನೆಗೆ ಬಂದು ಕೈಯಾರೆ ಅವನ ಬೆರಳು ಬಿಡಿಸಿದೆ. ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ, “ಗಾಡಿ ಮಾರಿಬಿಡು ತಂಗೀ. ನಾ ಇನ್ನ ಅದರಾಗ ಕುಂದ್ರಾಂಗಿಲ್ಲ” ಎಂದ. ಗಿಣಿಗೇರಾದಲ್ಲಿ ಕಾರ್ಖಾನೆಗಳಿಗೆ ಕೂಲಿಯಾಳು ಪೂರೈಸುವ ಗುತ್ತಿಗೆದಾರನೊಬ್ಬ ಮೊದಲಿಂದಲೂ ಆ ಕಾರಿನ ಮೇಲೆ ಕಣ್ಣಿಟ್ಟಿದ್ದ. ಅಣ್ಣ ಅವನಿಗೆ ತಾನೇ ಫೋನ್ ಮಾಡಿಸಿ, ಶುಕ್ರವಾರ ಬಂದು ಒಯ್ಯಿ ಎಂದ.

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಕಾರಿನ ಮೇಲೆ. ಅವನು ನಗುವ ಜಾಗ ಅದೊಂದೇ, ಅದೂ ಹೋಗುವುದೆಂದರೆ ನನಗೆ ಸಹಿಸಲಾಗಲಿಲ್ಲ.

ಬ್ರೇಕ್ ಮಿಸ್ತ್ರಿಯನ್ನು ಮನೆಗೇ ಕರೆಸಿದೆ. ಪ್ಯಾಡ್ ಬದಲಿಸಿದ, ಬ್ರೇಕ್ ಆಯಿಲ್ ಬದಲಿಸಿದ, ಪೈಪಿನಲ್ಲಿದ್ದ ಗಾಳಿ ತೆಗೆದ. ಓಡಿಸಿ ನೋಡಿದರೆ ಮತ್ತೆ ಅದೇ ಸೊಂಟ ತಿರುಗಿಸುವ ಚಾಳಿ. “ಬ್ರೇಕ್ ಭಾಳ ಛಲೋ ಅದಾವ್ರಿ ಅಕ್ಕಾರ” ಎಂದ ಮಿಸ್ತ್ರಿ. “ಅದಕ್ಕ ಸಿಟ್ಟ ಬಂದೈತೇನ್ರಿ ಗಾಡಿಗೆ?” ಎಂದೆ. ನಗಲಿಲ್ಲ, ಒಂದು ನಿಂಬೆಹಣ್ಣು ಕಟ್ಟಿ ನೋಡ್ರಿ ಎಂದು ಹೇಳಿ ಹೋದ. ಕಟ್ಟಿದೆ. ನಿಂಬೆಹಣ್ಣೂ ಬ್ರೇಕ್ ಹಾಕಿದಾಗ ಬಲಕ್ಕೇ ತೂಗಿತು.

ಗುರುವಾರ ಬೆಳಿಗ್ಗೆ ಅಣ್ಣ ಒದ್ದೆ ಬಟ್ಟೆ ಹಿಡಿದು ಅಂಗಳಕ್ಕೆ ಬಂದ. ಕೊಡುವ ವಸ್ತುವನ್ನು ತೊಳೆದು ಕೊಡಬೇಕು ಎಂಬುದು ಅವನ ಹಟ. ಕಣ್ಣು ಹೋದ ಮೇಲೆ ಕಾರು ತೊಳೆಯುವುದನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಅಂಗೈಯಲ್ಲೇ ಅದರ ಮೈಯೆಲ್ಲ ನೋಡುತ್ತಿದ್ದ. ಬಾನೆಟ್ ಒರೆಸಿದ, ಬಾಗಿಲು ಒರೆಸಿದ, ಹಿಂದಿನ ಗಾಲಿಯ ಮೇಲೆ ಗೇಣು ಹಾಸಿದವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

“ತಂಗೀ, ನನ್ನ ಹಿಂದಿನ ಗಾಲಿ ಯಾರ ತಿಂದಾರ?”

“ಯಾರೂ ತಿಂದಿಲ್ಲ. ಹೊಸಾವು ಅದಾವ.”

“ಹೊಸಾವು ಖರೇ. ಅಗಲ ಎಲ್ಲೈತಿ? ಮೊದಲ ನನ್ನ ಗೇಣು ಮುಗದ ಮ್ಯಾಲೂ ಗಾಲಿ ಉಳೀತಿತ್ತು. ಈಗ ಗೇಣೇ ಉಳಿಯಾಕ್ಹತ್ತೈತಿ.”

ಮುಂದಿನ ಗಾಲಿಯನ್ನೂ ಮುಟ್ಟಿ ನೋಡಿದ. ಎರಡೂ ಒಂದೇ. ಅಲ್ಲೇ ಕೂತು ನನಗೆ ಪಾಠ ಹೇಳಿದ: “ಬ್ರೇಕ್ ಒತ್ತಿದಾಗ ಭಾರ ಎಲ್ಲಾ ಮುಂದಕ್ಕ ಬರತೈತಿ, ಹಿಂದ ಹಗುರ ಆಕ್ಕೈತಿ. ಅದಕ್ಕ ಈ ಗಾಡಿಗೆ ಹಿಂದಿನ ಟೈರು ಅಗಲ ಇರತಾವ, ನೆಲ ಬಿಡಬಾರದು ಅಂತ. ಇವು ಸಣ್ಣ ಅದಾವ, ನೆಲ ಬಿಡತಾವ. ಹುಚ್ಚಿ, ಯಾರ ಕಡೆ ಹಾಕಿಸಿದಿ?”

ಕಾರು ತೆಗೆದುಕೊಂಡೇ ಭಾಯ್ ಅಂಗಡಿಗೆ ಹೋದೆ. ಅವರು ತಪ್ಪು ಮಾಡಿದ ಮುಖವನ್ನೇ ಮಾಡಲಿಲ್ಲ. “ಅಕ್ಕಾರ, ಹಿಂದ ಅಗಲ, ಮುಂದ ಸಣ್ಣ ಇದ್ವು. ಯಾವನೋ ತಿಳಿಗೇಡಿ ಹಾಕ್ಯಾನ ಅಂತ ತಿಳ್ಕೊಂಡೆ. ನೀವೂ ಬರೋಬ್ಬರಿ ಮಾಡ್ರಿ ಅಂದ್ರಿ. ಮಾಡೀನಿ” ಎಂದರು.

“ಬರೋಬ್ಬರಿ ಅಂದ್ರ ಬರೋಬ್ಬರಿ ಅಲ್ರಿ, ಬರೋಬ್ಬರಿ!” ಎಂದೆ.

“ಅದನ್ನ ಮಾಡೀನಲ್ರಿ!” ಎಂದರು.

ಹೀಗೇ ಸಂಜೆಯವರೆಗೆ ಬರೋಬ್ಬರಿ ಆಡುತ್ತಿದ್ದೆವೇನೋ. ಅಷ್ಟರಲ್ಲಿ ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಆನೆಯಂಥ ಹಿಂದಿನ ಗಾಲಿಯನ್ನು, ಗಿಡ್ಡ ಮುಂದಿನ ಗಾಲಿಯನ್ನು ತೋರಿಸಿ, “ಅದನ್ನೂ ಬರೋಬ್ಬರಿ ಮಾಡ್ತೀರೇನು?” ಎಂದೆ. ಭಾಯ್ ಅದನ್ನು ನೋಡಿದರು, ನನ್ನ ಕಾರು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ತಪ್ಪು ಅವರದೋ ನನ್ನದೋ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ, ನನ್ನ ಮಟ್ಟಿಗೆ ಅವರದೇ. ಆದರೆ ಅಗಲದ ಟೈರು ಎರಡನ್ನು ಅವತ್ತೇ ಹೊಸಪೇಟೆಯಿಂದ ತರಿಸಿ, ಹಿಂದಕ್ಕೆ ಹಾಕಿ, ಗಾಳಿ ನೋಡಿ, ಗಾಲಿಗಳ ಅಲೈನ್‌ಮೆಂಟ್ ಮಾಡಿಸಿ ಶುಕ್ರವಾರ ಬೆಳಗಾಗುತ್ತಲೇ ತಾವೇ ತಂದು ನಿಲ್ಲಿಸಿದರು. ಕಾಲುವೆ ಪಕ್ಕದ ಖಾಲಿ ರಸ್ತೆಯಲ್ಲಿ ನಾನೊಬ್ಬಳೇ ಓಡಿಸಿ ಬ್ರೇಕ್ ಒತ್ತಿ ನೋಡಿದೆ. ಹಿಡಿದಲ್ಲಿ ನಿಂತಿತು.

ಅಣ್ಣ ಮಾತ್ರ ಜಗ್ಗಲಿಲ್ಲ. ಗಾಲಿ ಮುಟ್ಟಿ ನೋಡಿ ಒಪ್ಪಿದ, ಒಳಗೆ ಕೂರಲು ಒಪ್ಪಲಿಲ್ಲ. “ನೀ ಕುಂದ್ರು. ನಂಗ ಕಾಣೂದಿಲ್ಲ, ಯಾವ ಕಡಿ ಬೀಳ್ತೀನಿ ಅಂತ ಗೊತ್ತಾಗೂದಿಲ್ಲ” ಎಂದ. ಹೀಗೆ ಭಯವನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಅವನ ಆಯುಷ್ಯದಲ್ಲಿ ಕೇಳಿರಲಿಲ್ಲ. ಅದು ಕೇಳಿಸದವಳಂತೆ ಜಗಳಕ್ಕೆ ನಿಂತೆ: “ಮಧ್ಯಾಹ್ನ ಗಾಡಿ ಹೋಗತೈತಿ. ಕಡೀಗೊಮ್ಮಿ ಕುಂದರಲಿಲ್ಲ ಅಂದ್ರ ನಾ ಜ್ವಾಳದ ರೊಟ್ಟಿ ಬಡಿಯಾಂಗಿಲ್ಲ.” ರೊಟ್ಟಿಯ ಮಾತಿಗೆ ಬಂದು ಕೂತ.

ಪ್ರತಿ ತಿರುವಿಗೂ ಮೊದಲೇ ಹೇಳಿ ಬ್ರೇಕ್ ಹಾಕಿದೆ. ಹಾಕಿದಾಗಲೆಲ್ಲ ಅವನ ಕೈ ಬಾಗಿಲಿನ ಹಿಡಿಕೆಗೆ ಹೋಗುತ್ತಿತ್ತು. ಬಂಡೆಗಳ ಸಾಲು ದಾಟಿದ ಮೇಲೆ, “ಸಾಕು ನಿನ್ನ ಪರೀಕ್ಷೆ. ಸುಮ್ಮನ ಓಡಸು” ಎಂದ. ಸುಮ್ಮನೆ ಓಡಿಸಿದೆ. ಬಾಳೆತೋಟ ಬಂದರೂ ಅವನು ಬಂತು ಎನ್ನಲಿಲ್ಲ. ಇನ್ನೂ ಸಿಟ್ಟಿದೆ ಎಂದುಕೊಂಡೆ.

ಒಂದು ತಿರುವು ಕಳೆದದ್ದೇ ತಡ, ರಸ್ತೆಯ ತುಂಬ ಕುರಿ ಹಿಂಡು. ಹೇಳಲು ಸಮಯವೇ ಇರಲಿಲ್ಲ. ಜೀವ ಬಿಟ್ಟು ಬ್ರೇಕ್ ತುಳಿದೆ. ಕಾರು ನೆಲ ಕಚ್ಚಿ, ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತು. ಒಂದು ಕುರಿ ಬಾನೆಟ್ ಮೂಸಿ ಹೋಯಿತು. ಅಣ್ಣನ ಕಡೆ ತಿರುಗಿದೆ. ಕೈ ಎರಡೂ ಮಡಿಲಲ್ಲಿದ್ದವು, ಬಾಯಿ ತೆರೆದಿತ್ತು, ಗೊರಕೆ ಹೊಡೆಯುತ್ತಿದ್ದ.

ಕುರಿಗಾರ ಕಿಟಕಿಯೊಳಗೆ ಬಗ್ಗಿ, “ಹಿರ್‍ಯಾರು ಆರಾಮ ಅದಾರೇನ್ರಿ?” ಎಂದು ಕೇಳಿದ.

“ಮಲಗ್ಯಾರ್ರಿ” ಎಂದೆ.

ಹಿಂಡು ದಾಟುವವರೆಗೆ ಹಾಗೇ ನಿಂತಿದ್ದು, ಗಿಣಿಗೇರಾದ ಗುತ್ತಿಗೆದಾರನಿಗೆ ಫೋನ್ ಹಚ್ಚಿ ಗಾಡಿ ಕೊಡುವುದಿಲ್ಲ ಎಂದು ಹೇಳಿದೆ. ಬಹಳ ಮೆಲ್ಲಗೆ ಹೇಳಿದೆ, ಅಣ್ಣನಿಗೆ ಎಚ್ಚರವಾಗಬಾರದಲ್ಲ.