ದ್ವಾರಕಾನಾಥನ ಜೋಡಿ ಪಿಸ್ತೂಲು

ಅಮೆರಿಕದ ಟ್ರಾಯ್ ಊರಿನ ದ್ವಾರಕಾನಾಥನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹಗಲೆಲ್ಲ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಎಂಜಿನಿಯರು, ಸಂಜೆಯಾದರೆ ಗ್ಯಾರೇಜಿನಲ್ಲಿ ಅರ ಹಿಡಿದ ಕಮ್ಮಾರ. ಇನ್ನೂರು ವರ್ಷದ ಹಿಂದೆ ಇಂಗ್ಲಿಷ್ ದೊರೆಗಳು ಮಾನ ಹೋಯಿತೆಂದು ಬೆಳಗ್ಗೆದ್ದು ಒಬ್ಬರಿಗೊಬ್ಬರು ಗುಂಡು ಹೊಡೆದುಕೊಳ್ಳುತ್ತಿದ್ದರಲ್ಲ, ಆ ಚಕಮಕಿ ಕಲ್ಲಿನ ಪಿಸ್ತೂಲುಗಳ ಪ್ರತಿರೂಪವನ್ನು ಅವನು ಕೈಯಲ್ಲೇ ಮಾಡುತ್ತಿದ್ದ. ಚಳಿಗಾಲದಲ್ಲಿ ಎರಡು ಕಾರೂ ಹೊರಗೆ ಹಿಮದಲ್ಲಿ; ಒಳಗೆ ಮರದ ಹೊಟ್ಟು.

ಇಂಥ ಪಿಸ್ತೂಲು ಒಂಟಿಯಾಗಿ ಬಾಳುವಂಥದ್ದಲ್ಲ. ಎರಡೂ ಒಂದೇ ಅಚ್ಚಿನಂತಿರಬೇಕು, ಯಾರ ಕೈಗೆ ಯಾವುದು ಬಂದರೂ ಮೋಸವಾಗಬಾರದು. ಎಡವಟ್ಟು ಅಲ್ಲೇ. ಎರಡನೆಯದನ್ನು ಮಾಡುವಷ್ಟರಲ್ಲಿ ಕೈ ಪಳಗಿ ಅದು ಮೊದಲನೆಯದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಸರಿ, ಮೊದಲನೆಯದನ್ನು ಬದಿಗಿಟ್ಟು ಮತ್ತೊಂದು. ಅದು ಇನ್ನೂ ಚೆನ್ನ. ಆರು ವರ್ಷದಲ್ಲಿ ಒಂಬತ್ತು ಪಿಸ್ತೂಲಾದವು, ಒಂದು ಜೋಡಿಯೂ ಆಗಲಿಲ್ಲ. "ಒಂಬತ್ತು ಹೆತ್ತರೂ ಅವಳಿ ಒಂದೂ ಇಲ್ಲ ನೋಡಿ," ಎಂದು ಹೆಂಡತಿ ಶಾರದ ದೇವಸ್ಥಾನದಲ್ಲಿ ಎಲ್ಲರೆದುರೇ ಆಡಿಕೊಳ್ಳುತ್ತಿದ್ದಳು.

ಈ ವರ್ಷ ಅವನಿಗೆ ನಗು ಬರಲಿಲ್ಲ. ಮಾರ್ಚ್‌ನಿಂದ ಬಲಗೈ ನಡುಗತೊಡಗಿತ್ತು. ಇದು ಹೆಚ್ಚುತ್ತಲೇ ಹೋಗುತ್ತದೆ ಎಂದಿದ್ದರು ಡಾಕ್ಟರು. ಮನೆಯಲ್ಲಿ ಅವನು ತುಟಿ ಬಿಚ್ಚಿರಲಿಲ್ಲ. ಕೈ ಪೂರ್ತಿ ಸೋಲುವ ಮೊದಲು ಒಂದೇ ಒಂದು ಜೋಡಿ ಮುಗಿಸಬೇಕು, ಅಷ್ಟೇ. ಅಂತೂ ಅಕ್ಟೋಬರಿಗೆ ಹತ್ತನೆಯದು ಒಂಬತ್ತನೆಯದರ ಪಡಿಯಚ್ಚಾಗಿ ಬಂತು. ನಳಿಗೆಗೆ ಹದವಾಗಿ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ ಬರಿಸುವ ಕಂದು ಬಣ್ಣವೂ ಹೊಂದಿತು. ಶನಿವಾರ ಮುನ್ನೂರು ಮೈಲಿ ದೂರದ ಗ್ಲೆಂಡೇಲ್ ಹೈಟ್ಸ್‌ನ ಬಂದೂಕು ಪ್ರದರ್ಶನಕ್ಕೆ ಒಯ್ಯುವುದಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಶಾರದ ಕಾರಿನ ಕೀಲಿ, ಲ್ಯಾಪ್‌ಟಾಪು, ಮಿಕ್ಸಿ ಎಲ್ಲಕ್ಕೂ ಒದ್ದೆ ಕುಂಕುಮ ಇಡುತ್ತಾ ಬಂದು ಒಂದು ನಳಿಗೆಗೂ ಇಟ್ಟುಬಿಟ್ಟಳು. ಇನ್ನೊಂದಕ್ಕೆ ಇಡುವಾಗ ಅವನು ತಡೆದ. ಇಟ್ಟದ್ದನ್ನು ಒರೆಸೋಣವೆಂದರೆ, "ಪೂಜೆಗಿಟ್ಟಿದ್ದು ರೀ, ನಾಳೆ ಮಂಗಳಾರತಿ ಆಗೋತನಕ ಮುಟ್ಟಬೇಡಿ," ಎಂದಳು. ಅವನೂ ಮೈಸೂರಿನಲ್ಲಿ ಬೆಳೆದವನೇ, ಮುಟ್ಟಲಿಲ್ಲ. ಮರುದಿನ ಒರೆಸಿದರೆ ಕಂದು ಬಣ್ಣದ ಮೇಲೆ ಕಾಸಗಲ ಕಪ್ಪು ಕಲೆ.

ಬಣ್ಣ ಕೆರೆಯಲು ಉಪ್ಪುಕಾಗದ ಹಿಡಿದ, ಕೈ ನಿಲ್ಲಲಿಲ್ಲ. ಎಡಗೈಯಿಂದ ಅದುಮಿ ಹಿಡಿದ, ಎರಡೂ ಅಲುಗಿದವು. ಗ್ಯಾರೇಜಿನಲ್ಲಿ ನಾಲ್ಕು ಸುತ್ತು ಹಾಕಿ ಶಾರದಳನ್ನು ಕೂಗಿದ.

"ಇನ್ನೊಂದಕ್ಕೂ ಅದೇ ಜಾಗದಲ್ಲಿ ಕುಂಕುಮ ಇಡು. ಒಂದ್ ದಿನ ಹಾಗೇ ಬಿಡೋಣ. ಕಲೇನೂ ಜೋಡಿ ಆಗ್ಲಿ."

"ನೀವೇ ಇಡಿ. ಆಮೇಲೆ ನನ್ನ ಬೈತೀರಿ."

"ನನ್ ಕೈ ನಿಲ್ತಿಲ್ಲ ಶಾರದಾ. ಮಾರ್ಚಿಂದ. ಡಾಕ್ಟರ್ ಹತ್ರಾನೂ ಹೋಗ್ಬಂದೆ. ಇನ್ನು ನಿಲ್ಲಲ್ವಂತೆ."

ಅವಳು ಅವನ ಮುಖ ನೋಡಿದಳು, ಕೈ ನೋಡಿದಳು. ಬೆರಳನ್ನು ಕುಂಕುಮದಲ್ಲಿ ಅದ್ದಿ ನಳಿಗೆಯ ಮೇಲಿಟ್ಟಳು. ಬೆರಳು ನಡುಗಿ ಬೊಟ್ಟು ಅರ್ಧ ಇಂಚು ಓರೆಯಾಗಿ ಎಳೆದುಕೊಂಡಿತು.

"ಹಾಳಾಯ್ತು, ಒರೆಸ್ತೀನಿ ಇರಿ," ಎಂದು ಸೆರಗಿಗೆ ಕೈಹಾಕಿದಳು. ದ್ವಾರಕಾನಾಥ ಅವಳ ಮಣಿಕಟ್ಟು ಹಿಡಿದ. "ಇರ್ಲಿ ಬಿಡು," ಎಂದ.

ಶನಿವಾರ ಆ ಜೋಡಿ ಹಾಗೆಯೇ ಪೆಟ್ಟಿಗೆಯಲ್ಲಿ ಹೊರಟಿತು. ಮುನ್ನೂರು ಮೈಲಿಯೂ ಕಾರು ಓಡಿಸಿದ್ದು ಶಾರದ.